ಬೆಂಗಳೂರಿಂದ ಮ್ಯಾನ್‌ಹೈಮ್‌ಗೆ ನನ್ನ ಸ್ಟೀಲ್ ಸೈಕಲ್ಲು: ಪ್ಯಾಕಿಂಗು, ಬೆಂಡು, ರಿಪೇರಿ

ಜರ್ಮನಿಗೆ ಕೆಲಸಕ್ಕೆ ಹೋಗ್ತಿದೀನಿ, ಸೈಕಲ್ಲನ್ನೂ ಜೊತೆಗೇ ತಗೊಂಡ್ ಹೋಗ್ತೀನಿ ಅಂದಾಗ ಅಮ್ಮ "ಅಲ್ಲೇನು ಸೈಕಲ್ ಸಿಗಲ್ವೇನೋ?" ಅಂದ್ರು. ಸಿಗುತ್ತೆ, ಇಲ್ಲಿಗಿಂತ ಹತ್ತು ಪಟ್ಟು ಸಿಗುತ್ತೆ. ಆದ್ರೆ ಏಳು ವರ್ಷದಿಂದ ಓಡಿಸ್ತಿರೋ ಈ ಸೈಕಲ್ಲು ಅಲ್ಲಿ ಸಿಗಲ್ವಲ್ಲ. ನಂದಿ ಬೆಟ್ಟ ಎಷ್ಟು ಸಲ ಹತ್ತಿದೀನೋ ಲೆಕ್ಕ ಇಲ್ಲ, 200, 300, 400, 600 ಕಿಲೋಮೀಟರ್ ಬ್ರೆವೆ (ಇಂತಿಷ್ಟು ಟೈಮಲ್ಲಿ ಮುಗಿಸಬೇಕಾದ ಲಾಂಗ್ ರೈಡು) ನಾಲ್ಕೂ ಒಂದೇ ಸೀಸನ್‌ನಲ್ಲಿ ಮುಗಿಸಿದ್ದು ಇದರ ಮೇಲೇನೇ. 600ಕ್ಕೆ 40 ಗಂಟೆ ಟೈಮ್ ಕೊಡ್ತಾರೆ, ಎರಡನೇ ರಾತ್ರಿ ನಿದ್ದೆ ಕಣ್ಣಲ್ಲಿ ಗುಂಡಿಗೆ ಇಳಿಸಿದಾಗ್ಲೂ ಈ ಫ್ರೇಮು ಕೈ ಕೊಡ್ಲಿಲ್ಲ. ಯಾವ ನಟ್ಟು ಎಷ್ಟು ಟೈಟ್ ಆದ್ರೆ ಸಾಕು, ಯಾವ ಗೇರಲ್ಲಿ ಎಂಥ ಸದ್ದು ಬರುತ್ತೆ ಅನ್ನೋದು ನನ್ನ ಕೈಗೆ ಗೊತ್ತು, ಹೊಸ ಊರಿಗೆ ಹೋದಾಗ ಅಂಥದ್ದೊಂದು ವಸ್ತು ಜೊತೇಲಿರ್ಲಿ ಅನ್ನಿಸ್ತು.

ಸೈಕಲ್ ಬಗ್ಗೆ ಸ್ವಲ್ಪ ಹೇಳ್ಬಿಡ್ತೀನಿ, ಮುಂದೆ ಬೇಕಾಗುತ್ತೆ. ಕ್ರೋಮೋಲಿ ಸ್ಟೀಲ್ ಫ್ರೇಮು, ಫ್ಲಾಟ್ ಹ್ಯಾಂಡಲ್ಲು, 700ಸಿ ವೀಲು, ವಿ-ಬ್ರೇಕು, ಹಿಂದೆ 9 ಸ್ಪೀಡು. ಹಿಂದಿನ ಡ್ರಾಪ್‌ಔಟ್ ಅಂದ್ರೆ ಆಕ್ಸಲ್ ಕೂರೋ ಎರಡು ಸೀಳುಗಳ ಮಧ್ಯದ ಅಗಲ 135 ಮಿಲಿಮೀಟರ್. ಈ 135 ನೆನಪಿಟ್ಕೊಳ್ಳಿ.

ಪ್ಯಾಕಿಂಗ್ ಶುರು ಮಾಡಿದ್ದು ಹೊರಡೋಕೆ ಒಂದು ವಾರ ಮುಂಚೆ. ನಮ್ಮ ಏರಿಯಾ ಸೈಕಲ್ ಶಾಪ್ ಅಣ್ಣನ ಹತ್ರ ಹೊಸ ಸೈಕಲ್ ಬಂದಿದ್ದ ಖಾಲಿ ಬಾಕ್ಸ್ ಕೇಳ್ದೆ. "ಬಾಕ್ಸಿಗೆ ದುಡ್ಡೇನು ಬೇಡ ಸಾರ್, ಈ ಪ್ಲಾಸ್ಟಿಕ್ ಪೀಸೂ ತಗೊಂಡ್ ಹೋಗಿ, ಫೋರ್ಕಿಗೆ ಹಾಕಿ, ಇಲ್ಲಾಂದ್ರೆ ಒತ್ತಿಬಿಡುತ್ತೆ" ಅಂತ ಅವ್ರೇ ಮುಂದಿನ ಫೋರ್ಕಿಗೆ ಹಾಕೋ 100 ಮಿಲಿಮೀಟರ್ ಸ್ಪೇಸರನ್ನೂ ಕೊಟ್ರು. ಬಾಕ್ಸಿಗೆ ಆಸೆ ಇದ್ರೆ ಮುಂಚೇನೇ ಹೇಳಿಟ್ಟಿರಿ, ಹೊಸ ಸ್ಟಾಕ್ ಬಂದ ದಿನವೇ ಅರ್ಧ ಬಾಕ್ಸ್ ರದ್ದಿಗೆ ಹೋಗಿಬಿಡುತ್ತೆ.

ಬಿಚ್ಚೋಕೆ ಮುಂಚೆ ಸೈಕಲ್ಲನ್ನ ಚೆನ್ನಾಗಿ ತೊಳೆದೆ, ಚೈನಿಗೆ ಸೀಮೆಎಣ್ಣೆ ಹಾಕಿ ಒರೆಸ್ದೆ. ಗಲೀಜು ಸೈಕಲ್ ಪ್ಯಾಕ್ ಮಾಡಿದ್ರೆ ಬಾಕ್ಸೆಲ್ಲ ಗ್ರೀಸ್ ಆಗುತ್ತೆ, ಅಲ್ಲದೆ ಎಲ್ಲಾದ್ರೂ ಕ್ರ್ಯಾಕ್ ಇದ್ರೆ ಕಾಣಲ್ಲ. ಸೀಟ್ ಪೋಸ್ಟ್ ಎಷ್ಟು ಒಳಗಿದೆ ಅಂತ ಇನ್ಸುಲೇಶನ್ ಟೇಪ್ ಸುತ್ತಿ ಗುರುತು ಮಾಡ್ಕೊಂಡೆ, ಹ್ಯಾಂಡಲ್ ಕೋನಕ್ಕೂ ಹಾಗೇ ಒಂದು ಗೆರೆ. ಪೆಡಲ್ ಬಿಚ್ಚೋಕೆ 15ರ ಸ್ಪ್ಯಾನರ್, ಎಡಗಡೆ ಪೆಡಲ್ ಉಲ್ಟಾ ಥ್ರೆಡ್ ಅನ್ನೋದು ಗೊತ್ತಿಲ್ದೆ ಎಷ್ಟೋ ಜನ ಕ್ರ್ಯಾಂಕೇ ಹಾಳು ಮಾಡ್ಕೊಂಡಿದಾರೆ, ಎಡಗಡೇದನ್ನ ಗಡಿಯಾರದ ಮುಳ್ಳು ಸುತ್ತೋ ದಿಕ್ಕಿಗೆ ತಿರುಗಿಸಿದ್ರೆ ಬಿಚ್ಚುತ್ತೆ. ಹಿಂದಿನ ಡಿರೇಲರ್ (ಚೈನನ್ನ ಒಂದು ಗೇರಿಂದ ಇನ್ನೊಂದಕ್ಕೆ ಸರಿಸೋ ಭಾಗ) ಬಿಚ್ಚಿ, ಬಬಲ್ ರ‍್ಯಾಪ್ ಸುತ್ತಿ, ಫ್ರೇಮಿನ ಒಳಗಡೆ ಸೇರಿಸಿ ಕಟ್ಟಿದೆ. ಕ್ವಿಕ್ ರಿಲೀಸ್ ಕಡ್ಡಿ ಎರಡನ್ನೂ ಎಳೆದು ತೆಗೆದೆ, ಆಕ್ಸಲ್ ತುದಿಗೆ ದಪ್ಪ ರಟ್ಟು ಕಟ್ಟಿದೆ, ಇಲ್ಲಾಂದ್ರೆ ಅದೇ ಬಾಕ್ಸಿಗೆ ತೂತು ಮಾಡುತ್ತೆ. ನಟ್ಟು ಬೋಲ್ಟೆಲ್ಲ ಒಂದು ಜಿಪ್ ಕವರಿಗೆ ಹಾಕಿ ಅದನ್ನ ಫ್ರೇಮಿಗೇ ಟೇಪ್ ಮಾಡಿದ್ದು, ಬಾಕ್ಸಲ್ಲಿ ಸುಮ್ನೆ ಬಿಟ್ರೆ ಬಾಕ್ಸ್ ಎತ್ತೋಕೆ ಇರೋ ಕೈ ತೂತಿಂದ ಬಿದ್ದು ಹೋಗುತ್ತೆ.

ಟ್ಯೂಬ್‌ಗಳಿಗೆಲ್ಲ ಎಸಿ ಪೈಪಿಗೆ ಹಾಕೋ ಕಪ್ಪು ಫೋಮ್ ಟ್ಯೂಬ್ ಸೀಳಿ ಹಾಕ್ದೆ. ಅದು ಸಾಲದೇ ಬಂದಾಗ ಅಮ್ಮ ಹಳೇ ಕಾಟನ್ ಸೀರೆ ಎರಡು ತಂದು ಕೊಟ್ರು. "ಇದನ್ನ ಸುತ್ತು, ಪ್ಲಾಸ್ಟಿಕ್ಕಿಗಿಂತ ಗಟ್ಟಿ ಹಿಡ್ಕೊಳ್ಳುತ್ತೆ" ಅಂದ್ರು, ಅವರೇ ಕೂತು ಟಾಪ್ ಟ್ಯೂಬಿಗೆ ಮಗುಗೆ ಸುತ್ತೋ ಹಾಗೆ ಬಿಗಿಯಾಗಿ ಸುತ್ತಿ ಗಂಟು ಹಾಕಿದ್ರು. ನಿಜವಾಗ್ಲೂ ಅವರು ಹೇಳಿದ್ದು ಸರಿ, ಬಬಲ್ ರ‍್ಯಾಪ್ ಜಾರುತ್ತೆ, ಕಾಟನ್ ಜಾರಲ್ಲ. ಸೀರೆ ಸುತ್ತಿದ ಕಡೆ ಒಂದು ಗೀಚೂ ಬಿದ್ದಿರ್ಲಿಲ್ಲ.

ಬಚ್ಚಲಲ್ಲಿ ಇಟ್ಟಿರೋ ತೂಕದ ಮಷೀನ್ ಮೇಲೆ ನಾನು ಬಾಕ್ಸ್ ಹಿಡ್ಕೊಂಡು ಹತ್ತಿ, ಆಮೇಲೆ ಬರೀ ನಾನು ಹತ್ತಿ, ಕಳೆದು ನೋಡಿದ್ರೆ 22.4 ಕೆಜಿ. ಲಿಮಿಟ್ 23. ಸೈಕಲ್ಲೇ 13 ಕೆಜಿ, ಮಿಕ್ಕಿದ್ದು ಟೂಲ್ಸು, ಹೆಲ್ಮೆಟ್ಟು, ಶೂಸು. ಲಿಥಿಯಂ ಬ್ಯಾಟರಿ ಇರೋ ಲೈಟು, ಪವರ್ ಬ್ಯಾಂಕ್ ಎಲ್ಲ ಕೈ ಬ್ಯಾಗಿಗೆ. ಟೈರಲ್ಲಿ ಗಾಳಿ ಸ್ವಲ್ಪ ಕಮ್ಮಿ ಮಾಡ್ದೆ, ಏರ್‌ಲೈನ್ಸ್‌ನವ್ರು ಕೇಳ್ತಾರೆ ಅಂತ. ಪೂರ್ತಿ ತೆಗೀಬೇಡಿ, ಗಾಳಿ ಇದ್ರೇನೇ ರಿಮ್ಮಿಗೆ ಒಂದು ಕುಶನ್ ಇದ್ದ ಹಾಗೆ.

ಈಗ ನಾನು ಮಾಡಿದ ತಪ್ಪು. ಬಾಕ್ಸ್ ಸ್ವಲ್ಪ ಚಿಕ್ಕದು, ಹಾಗಾಗಿ ಹಿಂದಿನ ವೀಲನ್ನೂ ಬಿಚ್ಚಬೇಕಾಯ್ತು. ಮುಂದಕ್ಕೆ ಅಣ್ಣ ಕೊಟ್ಟ ಸ್ಪೇಸರ್ ಇತ್ತು, ಹಿಂದಕ್ಕೆ ಇರ್ಲಿಲ್ಲ. ಮನೇಲಿದ್ದ ಪಿವಿಸಿ ಪೈಪನ್ನ ಸರಿಯಾಗಿ 135 ಮಿಲಿಮೀಟರ್‌ಗೆ ಕಟ್ ಮಾಡಿ, ಎರಡು ಡ್ರಾಪ್‌ಔಟ್ ಮಧ್ಯೆ ಇಟ್ಟು, ಬರೀ ಟೇಪ್ ಸುತ್ತಿಬಿಟ್ಟೆ. ಆ ಪೈಪ್ ಒಳಗಡೆ ಒಂದು ಥ್ರೆಡ್ ರಾಡ್ ತೂರಿಸಿ, ಎರಡೂ ತುದಿಗೆ ವಾಷರ್ ನಟ್ಟು ಹಾಕಿ ಟೈಟ್ ಮಾಡಿದ್ರೆ ಮುಂದಿನ ಕಥೆ ಇರ್ತಾ ಇರ್ಲಿಲ್ಲ. ಟೇಪ್ ಬರೀ ಜಾಗದಲ್ಲಿ ಹಿಡ್ಕೊಳ್ಳುತ್ತೆ ಅಷ್ಟೇ, ಪಕ್ಕದಿಂದ ಏಟು ಬಿದ್ರೆ ಪೈಪ್ ಜಾರಿ ಆಚೆ ಬಂದುಬಿಡುತ್ತೆ.

ಫ್ರಾಂಕ್‌ಫರ್ಟ್‌ನಲ್ಲಿ ದೊಡ್ಡ ಸಾಮಾನು ಬರೋ ಬೆಲ್ಟ್ ಬೇರೆ ಇರುತ್ತೆ, ಅಲ್ಲಿ ಬಾಕ್ಸ್ ಬಂದಾಗ ಒಂದು ಮೂಲೆ ಒದ್ದೆ, ಕೈ ತೂತು ಹರಿದು ಒಂದಡಿ ಬಾಯಿ ಬಿಟ್ಟಿತ್ತು. ಅಲ್ಲೇ ನಾಲ್ಕೂ ಕಡೆಯಿಂದ ಫೋಟೋ ತೆಗೆದು, ಬ್ಯಾಗೇಜ್ ಕೌಂಟರಲ್ಲಿ ರಿಪೋರ್ಟ್ ಬರೆಸಿ ಅದರ ಕಾಪಿ ಇಸ್ಕೊಂಡೇ ಹೊರಗೆ ಬಂದೆ. ಇದು ಎಲ್ಲರೂ ತಿಳ್ಕೊಳ್ಳಿ, ಚೆಕ್-ಇನ್ ಸಾಮಾನು ಡ್ಯಾಮೇಜ್ ಆದ್ರೆ 7 ದಿನದೊಳಗೆ ಬರವಣಿಗೇಲಿ ದೂರು ಕೊಡಬೇಕು, ವಿಮಾನ ಪ್ರಯಾಣದ ಮಾಂಟ್ರಿಯಲ್ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಹಾಗಿದೆ, ಆಮೇಲೆ ಹೋದ್ರೆ ಯಾರೂ ಕೇಳಲ್ಲ.

ಕಸ್ಟಮ್ಸಿಗೆ ನಾನೇ ರೆಡ್ ಚಾನೆಲ್‌ಗೆ (ತಂದ ಸಾಮಾನು ಡಿಕ್ಲೇರ್ ಮಾಡೋರ ದಾರಿ) ಹೋದೆ. ಊರು ಬದಲಾಯಿಸಿ ಯುರೋಪಿಯನ್ ಯೂನಿಯನ್ ಒಳಗೆ ಮನೆ ಮಾಡೋರು ಕನಿಷ್ಠ 6 ತಿಂಗಳು ತಾವೇ ಬಳಸಿದ ಸಾಮಾನನ್ನ ಡ್ಯೂಟಿ ಇಲ್ಲದೆ ತರಬಹುದು, ಆದ್ರೆ ಮುಂದಿನ 12 ತಿಂಗಳು ಅದನ್ನ ಮಾರೋ ಹಾಗಿಲ್ಲ. ಹಳೇ ಬಿಲ್ಲು, ಕೆಲಸದ ಕಾಂಟ್ರಾಕ್ಟು, ಸಾಮಾನಿನ ಲಿಸ್ಟು ಮೂರೂ ಕೈಯಲ್ಲಿತ್ತು. ಹರಿದ ಬಾಯಿಂದ ಸವೆದ ಚೈನ್‌ರಿಂಗ್ ಹಲ್ಲುಗಳು ಕಾಣ್ತಿದ್ವು, ಅದು ಹಳೇ ಸೈಕಲ್ ಅಂತ ಬಾಯಿ ಬಿಟ್ಟು ಹೇಳೋದೇ ಬೇಕಿರ್ಲಿಲ್ಲ. ಹಾಸನದ ಕಡೆಯ ಕಲೀಗ್ ಒಬ್ರು ಕಾರ್ ತಂದಿದ್ರು, ಮ್ಯಾನ್‌ಹೈಮ್‌ಗೆ ಸುಮಾರು 70 ಕಿಲೋಮೀಟರು, ಶನಿವಾರ ಸಂಜೆ ಮನೆ ಸೇರಿದ್ವಿ.

ಭಾನುವಾರ ಬೆಳಿಗ್ಗೆ ಬಾಕ್ಸ್ ಬಿಚ್ಚಿದೆ. ಪಿವಿಸಿ ಪೈಪು ತಳದಲ್ಲಿ ಬಿದ್ದಿತ್ತು. ಹಿಂದಿನ ವೀಲ್ ಕೂರಿಸೋಕೆ ಹೋದ್ರೆ ಒಳಗೇ ಹೋಗ್ತಿಲ್ಲ. ಸ್ಕೇಲ್ ಇಟ್ಟು ನೋಡಿದ್ರೆ 126. ಒಂಬತ್ತು ಮಿಲಿಮೀಟರ್ ಒಳಗೆ ಬಂದುಬಿಟ್ಟಿದೆ. ಅದನ್ನ ಹಿಡ್ಕೊಂಡು ಎಷ್ಟೋ ಹೊತ್ತು ನೆಲದ ಮೇಲೆ ಕೂತಿದ್ದೆ, ಹೊಟ್ಟೆಗೆ ಏನೂ ಸೇರ್ಲಿಲ್ಲ ಆ ಬೆಳಿಗ್ಗೆ.

ಜರ್ಮನೀಲಿ ಭಾನುವಾರ ಅಂಗಡಿ ಬಾಗಿಲು ತೆರೆಯಲ್ಲ, ಹಾಗಾಗಿ ಆ ದಿನ ಪೂರ್ತಿ ಅಳತೆಗೇ ಇಟ್ಟೆ. ಹಾಗೆ ಆಗಿದ್ದು ಒಳ್ಳೇದೇ ಆಯ್ತು, ಅಂಗಡಿ ತೆರೆದಿದ್ರೆ ಸಿಟ್ಟಲ್ಲಿ ಕೈಯಲ್ಲೇ ಎಳೆದು ಬಗ್ಗಿಸೋಕೆ ಹೋಗ್ತಿದ್ದೆ. ಫ್ರೇಮ್ ಯಾವ ಕಡೆ ಬೆಂಡಾಗಿದೆ ಅಂತ ನೋಡೋಕೆ ಒಂದು ದಾರ ಸಾಕು. ಎಡಗಡೆ ಡ್ರಾಪ್‌ಔಟಿಗೆ ದಾರ ಕಟ್ಟಿ, ಮುಂದೆ ಹೆಡ್ ಟ್ಯೂಬ್ (ಹ್ಯಾಂಡಲ್ ಕೆಳಗಿನ ಗಿಡ್ಡ ಪೈಪು) ಸುತ್ತಿಸಿ, ವಾಪಸ್ ಬಲಗಡೆ ಡ್ರಾಪ್‌ಔಟಿಗೆ ಬಿಗಿಯಾಗಿ ಕಟ್ಟೋದು. ಆಮೇಲೆ ಸೀಟ್ ಟ್ಯೂಬಿಂದ (ಸೀಟ್ ಕೆಳಗಿನ ಪೈಪು) ದಾರಕ್ಕೆ ಎರಡೂ ಕಡೆ ಎಷ್ಟು ಮಿಲಿಮೀಟರ್ ದೂರ ಅಂತ ಅಳೆಯೋದು. ಫ್ರೇಮ್ ನೆಟ್ಟಗಿದ್ರೆ ಎರಡೂ ಒಂದೇ. ನನಗೆ ಬಲಗಡೆ 32, ಎಡಗಡೆ 28 ಬಂತು. ಅಂದ್ರೆ ಏಟು ಬಿದ್ದಿದ್ದು ಎಡಗಡೆ, ಬಲಗಡೆ ಹೆಚ್ಚೂಕಮ್ಮಿ ಸರಿ ಇದೆ. ಇದು ಗೊತ್ತಾಗದೆ ಎರಡೂ ಕಡೆ ಸಮನಾಗಿ ಹಿಗ್ಗಿಸಿದ್ರೆ ಅಗಲ 135 ಆಗುತ್ತೆ, ಆದ್ರೆ ಹಿಂದಿನ ವೀಲು ಮುಂದಿನ ವೀಲಿನ ಸಾಲಿಗೆ ಇರಲ್ಲ, ಸೈಕಲ್ಲು ಜೀವಮಾನವಿಡೀ ಒಂದು ಕಡೆಗೆ ಎಳೀತಾನೇ ಇರುತ್ತೆ.

ಒಂದು ಮಾತು ಇಲ್ಲೇ ಹೇಳ್ಬೇಕು. ಇದೆಲ್ಲ ಸ್ಟೀಲ್ ಫ್ರೇಮಿಗೆ ಮಾತ್ರ. ಅಲ್ಯೂಮಿನಿಯಂ, ಕಾರ್ಬನ್ ಫ್ರೇಮಿಗೆ ಕೈ ಹಾಕ್ಬೇಡಿ. ಸ್ಟೀಲ್ ಬಗ್ಗುತ್ತೆ, ವಾಪಸ್ಸೂ ಬಗ್ಗುತ್ತೆ. ಅಲ್ಯೂಮಿನಿಯಂ ಕ್ರ್ಯಾಕ್ ಬಿಡುತ್ತೆ, ಇವತ್ತು ಕಾಣದೇ ಇದ್ರೂ ಮುಂದೊಂದು ದಿನ ಇಳಿಜಾರಲ್ಲಿ ಮುರಿಯುತ್ತೆ.

ಸೋಮವಾರ ಆಫೀಸ್ ಮುಗಿಸಿ ಬೌಹೌಸ್‌ಗೆ ಹೋದೆ. ಈ ಬೌಹೌಸ್ ಹಾರ್ಡ್‌ವೇರ್ ಅಂಗಡಿಗಳ ಮೊದಲ ಅಂಗಡಿ ಶುರುವಾಗಿದ್ದೇ ಇದೇ ಮ್ಯಾನ್‌ಹೈಮಲ್ಲಿ, 1960ರಲ್ಲಿ. ನಮ್ಮ ಎಸ್‌ಜೆಪಿ ರೋಡಲ್ಲಿ ಹತ್ತು ಅಂಗಡಿ ಸುತ್ತಿ ತಗೊಳ್ಳೋದೆಲ್ಲ ಒಂದೇ ಸೂರಿನ ಕೆಳಗೆ, ಆದ್ರೆ "ಅಣ್ಣಾ ಇಂಥದ್ದು ಬೇಕು" ಅಂತ ಕೈಯಲ್ಲಿ ತೋರಿಸಿದ್ರೆ ಅರ್ಥ ಮಾಡ್ಕೊಂಡು ಎತ್ತಿ ಕೊಡೋರು ಇಲ್ಲ, ಅದು ಒಂದು ಸಂಕಟ. ಎಂ10 ಥ್ರೆಡ್ ರಾಡ್ ಒಂದು ಮೀಟರ್, ಆರು ನಟ್ಟು, ದಪ್ಪ ವಾಷರು, ಒಂದು ಗಟ್ಟಿ ಮರದ ಪಟ್ಟಿ ತಗೊಂಡೆ. ಡ್ರಾಪ್‌ಔಟ್ ಸೀಳು 10 ಮಿಲಿಮೀಟರ್ ಆಕ್ಸಲಿಗೆ ಮಾಡಿದ್ದು, ಹಾಗಾಗಿ ಎಂ10 ರಾಡ್ ಸರಿಯಾಗಿ ಕೂರುತ್ತೆ.

ರಾಡನ್ನ ಸುಮಾರು ಒಂದಡಿ ಕಟ್ ಮಾಡಿ ಎರಡು ಡ್ರಾಪ್‌ಔಟಲ್ಲಿ ಕೂರಿಸಿ, ಒಳಗಡೆ ಎರಡು ಕಡೆ ವಾಷರ್ ನಟ್ಟು. ಒಳಗಿನ ನಟ್ಟುಗಳನ್ನ ಆಚೆಗೆ ತಿರುಗಿಸ್ತಾ ಹೋದ್ರೆ ಸ್ಟೇಗಳು (ಹಿಂದಿನ ವೀಲಿನ ಎರಡೂ ಪಕ್ಕದ ಫ್ರೇಮ್ ಪೈಪುಗಳು) ನಿಧಾನಕ್ಕೆ ಅಗಲ ಆಗುತ್ವೆ. 140ಕ್ಕೆ ಹೋಗಿ ಬಿಟ್ಟೆ, ವಾಪಸ್ 127ಕ್ಕೆ ಬಂತು. ಸ್ಟೀಲು ಸ್ಪ್ರಿಂಗ್ ಇದ್ದ ಹಾಗೆ, ಎಷ್ಟು ಎಳೆದ್ರೂ ಬಹುಪಾಲು ವಾಪಸ್ ಹೋಗುತ್ತೆ, ಒಂದು ಮಿತಿ ದಾಟಿದ ಮೇಲಷ್ಟೇ ಹೇಳಿದ ಮಾತು ಕೇಳುತ್ತೆ. 146ಕ್ಕೆ ಹೋಗಿ ಬಿಟ್ರೆ 128. ಅರ್ಧ ಸುತ್ತು ತಿರುಗಿಸೋದು, ನಿಲ್ಲಿಸೋದು, ಚೈನ್‌ಸ್ಟೇ ಬೆಸುಗೆ ಹತ್ರ ಪೇಂಟ್ ಬಿರುಕು ಬಿಟ್ಟಿದ್ಯಾ ಅಂತ ಟಾರ್ಚ್ ಹಾಕಿ ನೋಡೋದು, ಮತ್ತೆ ಅರ್ಧ ಸುತ್ತು. 150ಕ್ಕೆ ಹೋದಾಗ ಟಿಕ್ ಅಂತ ಒಂದು ಸಣ್ಣ ಸದ್ದು ಬಂತು, ಎದೆ ಧಸಕ್ಕಂತು. ನೋಡಿದ್ರೆ ವಾಷರ್ ಜಾರಿದ್ದಷ್ಟೇ. ಬಿಟ್ಟಾಗ 130. ಅಲ್ಲಿಗೆ ರಾಡ್ ಕೆಲಸ ನಿಲ್ಲಿಸಿ ಮತ್ತೆ ದಾರ ಕಟ್ಟಿದೆ, ಬಲಗಡೆ ಸ್ಟೇ ತನ್ನ ಜಾಗಕ್ಕೆ ಬಂದಾಗಿತ್ತು, ಇನ್ನು ಅದನ್ನ ಮುಟ್ಟೋ ಹಾಗಿಲ್ಲ.

ಮಿಕ್ಕ 5 ಮಿಲಿಮೀಟರ್ ಎಡಗಡೆಯಿಂದ ಮಾತ್ರ ಬರಬೇಕು. ಫ್ರೇಮನ್ನ ಮಲಗಿಸಿ, ಸೀಟ್ ಟ್ಯೂಬಿಗೆ ಅಮ್ಮನ ಸೀರೆ ನಾಲ್ಕು ಪದರ ಸುತ್ತಿ, ಮರದ ಪಟ್ಟೀನ ಹಿಂದಿನ ತ್ರಿಕೋನದ ಒಳಗೆ ತೂರಿಸಿ, ಒಂದು ತುದಿ ಸೀಟ್ ಟ್ಯೂಬಿಗೆ ಆನಿಸಿ ಇನ್ನೊಂದು ಕಡೆಯಿಂದ ಎಡಗಡೆ ಸ್ಟೇ ಮಾತ್ರ ಹೊರಗೆ ಹೋಗೋ ಹಾಗೆ ಮೀಟಿದೆ. ಪ್ರತಿ ಸಲ ಮೀಟಿದ ಮೇಲೂ ಅಳತೆ, ದಾರ. ಹನ್ನೊಂದು ಸಲ ಮೀಟಿದೀನಿ, ಬರೆದಿಟ್ಕೊಂಡಿದೀನಿ. ಕೊನೆಗೆ 135.5, ದಾರ ಎರಡೂ ಕಡೆ 33. ಡ್ರಾಪ್‌ಔಟ್ ಮುಖ ಎರಡೂ ಒಂದಕ್ಕೊಂದು ಎದುರಾಗಿವೆಯಾ ಅಂತ ನೋಡೋಕೆ ಉಳಿದಿದ್ದ ರಾಡನ್ನ ಎರಡು ತುಂಡು ಮಾಡಿ ಒಂದೊಂದು ಡ್ರಾಪ್‌ಔಟಿಗೂ ಒಂದೊಂದು ತುಂಡು ಇಟ್ಟು, ಒಳಗೊಂದು ಹೊರಗೊಂದು ನಟ್ಟು ಹಾಕಿ ಬಿಗಿದೆ, ತುದಿಗಳು ಮಧ್ಯದಲ್ಲಿ ಸಂಧಿಸಬೇಕು. ಎಡಗಡೇದು ಕೂದಲೆಳೆಯಷ್ಟು ಕೆಳಗಿತ್ತು, ದೊಡ್ಡ ಸ್ಪ್ಯಾನರಲ್ಲಿ ಸ್ವಲ್ಪ ತಿರುವಿದ ಮೇಲೆ ಸರಿಹೋಯ್ತು. ಹಿಂದಿನ ವೀಲ್ ಹಾಕ್ದೆ. ತನ್ನಷ್ಟಕ್ಕೆ ತಾನೇ ಬಂದು ಕೂತ್ಕೊಳ್ತು, ಆ ಲೋಹದ ಸದ್ದು ಕೇಳಿ ಕಣ್ಣಲ್ಲಿ ನೀರು ಬಂತು.

ಇಷ್ಟಾದ ಮೇಲೆ ಡಿರೇಲರ್ ಹ್ಯಾಂಗರ್, ಅಂದ್ರೆ ಡಿರೇಲರ್ ಬೋಲ್ಟ್ ಆಗಿ ಕೂರೋ ಜಾಗ. ಈ ಫ್ರೇಮಲ್ಲಿ ಅದು ಡ್ರಾಪ್‌ಔಟ್ ಜೊತೆಗೇ ಸೇರಿದ ಸ್ಟೀಲು, ಬೇರೆ ಮಾಡೋಕಾಗಲ್ಲ, ಅದೂ ಒಳಗೆ ಬಗ್ಗಿತ್ತು. ಇದಕ್ಕೆ ಅಂತಲೇ ಟೂಲ್ ಬರುತ್ತೆ, ನನ್ನ ಹತ್ರ ಇಲ್ಲ. ಆದ್ರೆ ಡಿರೇಲರ್ ಬೋಲ್ಟಿನ ಥ್ರೆಡ್ಡು 10 ಮಿಲಿಮೀಟರ್, 1 ಮಿಲಿಮೀಟರ್ ಪಿಚ್ಚು (ಒಂದು ಥ್ರೆಡ್ಡಿಂದ ಇನ್ನೊಂದಕ್ಕೆ ಇರೋ ದೂರ), ಕೆಲವು ಹಿಂದಿನ ವೀಲಿನ ಗಟ್ಟಿ ಆಕ್ಸಲಿಗೂ ಅದೇ ಥ್ರೆಡ್ಡು. ಕೆಳಗಿನ ಮನೆ ಅಜ್ಜ ನೆಲಮಾಳಿಗೆಯಿಂದ ಒಂದು ಹಳೇ ವೀಲ್ ತಂದು ಕೊಟ್ರು. ಬೆರಳಲ್ಲೇ ತಿರುಗಿಸಿ ನೋಡ್ದೆ, ಸಲೀಸಾಗಿ ಒಳಗೆ ಹೋಯ್ತು. ಬಲವಂತ ಮಾಡ್ಬೇಕಾಗಿ ಬಂದ್ರೆ ಅದು ಆ ಥ್ರೆಡ್ಡಲ್ಲ, ಅಲ್ಲೇ ಬಿಟ್ಬಿಡಿ. ಈಗ ಹ್ಯಾಂಗರಿಗೆ ಒಂದು ವೀಲು, ಫ್ರೇಮಲ್ಲಿ ನನ್ನ ವೀಲು, ಎರಡೂ ಅಕ್ಕಪಕ್ಕ ನಿಂತಿವೆ. ಹ್ಯಾಂಗರ್ ನೆಟ್ಟಗಿದ್ರೆ ಎರಡು ರಿಮ್ಮಿನ ಮಧ್ಯದ ಸಂದು ಮೇಲೆ, ಕೆಳಗೆ, ಹಿಂದೆ, ಮುಂದೆ ಒಂದೇ ಇರಬೇಕು. ನನಗೆ ಮೇಲಕ್ಕೂ ಕೆಳಕ್ಕೂ 18 ಮಿಲಿಮೀಟರ್ ವ್ಯತ್ಯಾಸ. ಅದೇ ವೀಲನ್ನ ಹಿಡಿದು ಮೆಲ್ಲಗೆ ಒತ್ತಿ, ಬಿಟ್ಟು, ಅಳೆದು, 3 ಮಿಲಿಮೀಟರೊಳಗೆ ತಂದೆ. 9 ಸ್ಪೀಡಿಗೆ ಅಷ್ಟು ಸಾಕು, ಗೇರು ಈಗ ಬೆಂಗಳೂರಲ್ಲಿದ್ದಕ್ಕಿಂತ ಚೆನ್ನಾಗಿ ಬೀಳ್ತಿದೆ.

ಅಜ್ಜನ ನೆಲಮಾಳಿಗೇಲಿ ಇನ್ನೊಂದು ಖುಷಿ. ಅಲ್ಲಿದ್ದ ಹಳೇ ಸೈಕಲ್ಲುಗಳಿಗೆಲ್ಲ ನಮ್ಮೂರ ಅಟ್ಲಾಸ್, ಹೀರೋ ಸೈಕಲ್ಲಿಗಿರೋ ಥರದ್ದೇ ಡನ್ಲಪ್ ವಾಲ್ವು. ಚಿಕ್ಕವರಿದ್ದಾಗ ವಾಲ್ ಟ್ಯೂಬ್ ಕಟ್ ಮಾಡಿ ಹಾಕ್ತಿದ್ದ ಅದೇ ವಾಲ್ವು. ಆದ್ರೆ ಟೈರ್ ಸೈಜಲ್ಲಿ ಮೋಸ ಹೋಗ್ಬೇಡಿ, ನಮ್ಮ ಹಳೇ 28 ಇಂಚಿನ ಸೈಕಲ್ ರಿಮ್ಮಲ್ಲಿ ಟೈರ್ ಕೂರೋ ಜಾಗದ ವ್ಯಾಸ 635 ಮಿಲಿಮೀಟರು, ಇಲ್ಲಿ ಈಗ 28 ಇಂಚು ಅಂತ ಮಾರೋದು ಸಾಮಾನ್ಯವಾಗಿ 622. ಇಂಚು ನೋಡ್ಬೇಡಿ, ಟೈರ್ ಪಕ್ಕದಲ್ಲಿ 37-622 ಅಂತ ಇರುತ್ತಲ್ಲ, ಆ ನಂಬರ್ ನೋಡಿ ತಗೊಳ್ಳಿ.

ರಿಪೇರಿ ಮುಗಿದ ಮೇಲೆ ಈ ಊರಿನ ರೋಡಿಗೆ ತಕ್ಕ ಹಾಗೆ ಬದಲಾಯಿಸೋ ಕೆಲಸ. ತುಂಬ ಯೋಚನೆ ಮಾಡಿದ್ದು ಬ್ರೇಕ್ ಬಗ್ಗೆ. ನಮ್ಮಲ್ಲಿ ಬಲಗೈಗೆ ಮುಂದಿನ ಬ್ರೇಕು, ಇಲ್ಲಿ ಎಡಗೈಗೆ. ಅಭ್ಯಾಸ ಆಗಿರೋದನ್ನ ಯಾಕೆ ಬದಲಾಯಿಸೋದು ಅಂತ ಮೊದಲು ಅನ್ನಿಸ್ತು. ಆಮೇಲೆ ಕೂತು ಯೋಚಿಸಿದ್ರೆ ಕಾರಣ ಹೊಳೀತು. ನಮ್ಮೂರಲ್ಲಿ ಎಡಗಡೆ ಹೋಗ್ತೀವಿ, ಎದುರಿಂದ ಬರೋ ಗಾಡಿಗಳ ಮಧ್ಯೆ ದಾಟಬೇಕಾಗಿರೋದು ಬಲಕ್ಕೆ ತಿರುಗುವಾಗ, ಆಗ ಬಲಗೈ ಎತ್ತಿ ಸಿಗ್ನಲ್ ಕೊಡ್ತೀವಿ, ಹ್ಯಾಂಡಲ್ ಮೇಲೆ ಉಳಿಯೋ ಎಡಗೈಗೆ ಹಿಂದಿನ ಬ್ರೇಕ್ ಸಿಗುತ್ತೆ. ಇಲ್ಲಿ ಬಲಗಡೆ ಹೋಗ್ತಾರೆ, ಹಾಗೆ ದಾಟೋದು ಎಡಕ್ಕೆ ತಿರುಗುವಾಗ, ಎಡಗೈ ಎತ್ತುತ್ತೀವಿ, ನಮ್ಮೂರ ಜೋಡಣೆ ಹಾಗೇ ಇದ್ರೆ ಹ್ಯಾಂಡಲ್ ಮೇಲೆ ಒಂದೇ ಕೈ ಇರೋವಾಗ ಅದಕ್ಕೆ ಸಿಗೋದು ಮುಂದಿನ ಬ್ರೇಕು. ಒಂದು ಕೈಯಲ್ಲಿ ಮುಂದಿನ ಬ್ರೇಕ್ ಜೋರಾಗಿ ಹಿಡಿದ್ರೆ ಹ್ಯಾಂಡಲ್ ತಿರುಗಿ ಮುಗ್ಗರಿಸೋದೇ. ಹಾಗಾಗಿ ಎರಡೂ ಕೇಬಲ್ ಬಿಚ್ಚಿ, ಹೊಸ ಹೌಸಿಂಗ್ (ಕೇಬಲ್ ಹೊರಗಿನ ಕವಚ) ಕಟ್ ಮಾಡಿ ಅದಲು ಬದಲು ಮಾಡ್ದೆ. ಹಳೇ ಹೌಸಿಂಗನ್ನೇ ಹಾಕೋಕೆ ಹೋಗ್ಬೇಡಿ, ಬಾಗೋ ದಿಕ್ಕು ಬದಲಾಗೋದ್ರಿಂದ ಉದ್ದ ಸಾಲಲ್ಲ. ಮೊದಲ ವಾರ ಖಾಲಿ ಪಾರ್ಕಿಂಗ್ ಜಾಗದಲ್ಲಿ ದಿನಾ ಅರ್ಧ ಗಂಟೆ ಬರೀ ನಿಲ್ಲಿಸೋದನ್ನೇ ಪ್ರಾಕ್ಟೀಸ್ ಮಾಡ್ದೆ. ಹ್ಯಾಂಡಲ್ ತುದಿಯ ಕನ್ನಡೀನೂ ಬಲದಿಂದ ಎಡಕ್ಕೆ ಬಂತು.

ಲೈಟಿಗೆ ಇಲ್ಲಿ ಕಾನೂನು ಗಟ್ಟಿ. ಮಿಣುಕೋ ಲೈಟ್ ನಡೆಯಲ್ಲ, ಮುಂದೆ ಬಿಳಿ, ಹಿಂದೆ ಕೆಂಪು, ಸ್ಥಿರವಾಗಿ ಉರೀಬೇಕು, ಲೈಟ್ ಮೇಲೆ ಅಲೆ ಗೆರೆ ಜೊತೆ ಕೆ ಅಕ್ಷರ, ಅಪ್ರೂವಲ್ ನಂಬರ್ ಇರಬೇಕು. 2013ರಿಂದ ಡೈನಮೋನೇ ಬೇಕು ಅಂತಿಲ್ಲ, ಬ್ಯಾಟರಿ ಲೈಟೂ ಆಗುತ್ತೆ. ಪೆಡಲಿಗೆ ಹಳದಿ ರಿಫ್ಲೆಕ್ಟರು, ವೀಲಿಗೂ ರಿಫ್ಲೆಕ್ಟರು, ಬೆಲ್ಲು. ಬೆಲ್ಲು ಮಾತ್ರ ನಮ್ಮೂರ ಹಿತ್ತಾಳೇದೇ ಇಟ್ಕೊಂಡೆ.

ಮೊದಲ ದೊಡ್ಡ ರೈಡ್ ಎಲ್ಲಿಗೆ ಅನ್ನೋದು ಬೆಂಗಳೂರಲ್ಲೇ ತೀರ್ಮಾನ ಆಗಿತ್ತು. 1817ರ ಜೂನ್ 12ರಂದು ಕಾರ್ಲ್ ಡ್ರೈಸ್ ತಾನು ಮಾಡಿದ ಎರಡು ಚಕ್ರದ ಮರದ ಗಾಡಿ ಮೇಲೆ ಕೂತು, ಪೆಡಲ್ ಇಲ್ಲದೆ ಬರೀ ಕಾಲಲ್ಲಿ ನೆಲ ಒದೀತಾ, ಇದೇ ಮ್ಯಾನ್‌ಹೈಮಿಂದ ಈಗಿನ ರೈನಾವ್ ಕಡೆಗೆ ಹೋಗಿ ಬಂದಿದ್ರು. ಹೋಗಿ ಬರೋದು ಸೇರಿ ಸುಮಾರು 14 ಕಿಲೋಮೀಟರು, ಒಂದು ಗಂಟೆಗಿಂತ ಕಮ್ಮಿ ಟೈಮಲ್ಲಿ. ಸೈಕಲ್ ಅನ್ನೋದು ಶುರುವಾದ ಊರಿಗೆ ನನ್ನ ಸೈಕಲ್ಲು ಬಂದಿದೆ ಅನ್ನೋದೇ ನನಗೆ ದೊಡ್ಡ ವಿಷಯ. ಅರಮನೆ ಮುಂದಿಂದ ಶನಿವಾರ ಬೆಳಿಗ್ಗೆ ಆರೂವರೆಗೆ ಹೊರಟೆ. ಮೊದಲ ಕಿಲೋಮೀಟರ್ ಪೂರ್ತಿ ಹಿಂದಿನ ವೀಲಿನ ಸದ್ದೇ ಕೇಳ್ತಿದ್ದೆ. ಕಾರಿಲ್ಲದ ನೇರ ರೋಡ್ ಸಿಕ್ಕಾಗ ಒಂದು ಕ್ಷಣ ಎರಡೂ ಕೈ ಬಿಟ್ಟು ನೋಡ್ದೆ, ಎಡಕ್ಕೂ ಎಳೀಲಿಲ್ಲ, ಬಲಕ್ಕೂ ಎಳೀಲಿಲ್ಲ, ದಾರ ಸುಳ್ಳು ಹೇಳಿರ್ಲಿಲ್ಲ.

50 ಕಿಲೋಮೀಟರ್ ಆದ ಮೇಲೆ ಮತ್ತೆ ವೀಲ್ ಬಿಚ್ಚಿ ಅಳೆದೆ, 135.5 ಹಾಗೇ ನಿಂತಿದೆ. ಎಡಗಡೆ ಕಡ್ಡಿ ಎರಡು ಲೂಸ್ ಆಗಿದ್ವು, ವೀಲಿನ ಬೆಂಡ್ ತೆಗೆದೆ. ಹೆಡ್‌ಸೆಟ್ (ಹ್ಯಾಂಡಲ್ ತಿರುಗೋ ಕಡೆಯ ಬೇರಿಂಗು) ಕಾಲು ಸುತ್ತು ಟೈಟ್ ಮಾಡ್ದೆ. ಚಳಿಗಾಲದಲ್ಲಿ ಇಲ್ಲಿ ರೋಡಿಗೆ ಉಪ್ಪು ಹಾಕ್ತಾರೆ, ಸ್ಟೀಲ್ ಫ್ರೇಮಿಗೆ ಅದು ಒಳ್ಳೇದಲ್ಲ, ಅದಕ್ಕೆ ಮುಂಚೆ ಮರದ ಪಟ್ಟಿ ಉಜ್ಜಿ ಪೇಂಟ್ ಕಿತ್ತಿರೋ ಕಡೆ ಟಚ್‌ಅಪ್ ಮಾಡಿ ಟ್ಯೂಬ್‌ಗಳ ಒಳಗೆ ಎಣ್ಣೆ ಬಿಡಬೇಕು, ಫುಲ್ ಮಡ್‌ಗಾರ್ಡ್ ಹಾಕಬೇಕು. ಮುಂದಿನ ವೀಲಿಗೆ 6 ವೋಲ್ಟ್ 3 ವ್ಯಾಟಿನ ಹಬ್ ಡೈನಮೋ (ವೀಲಿನ ನಡುವಿನ ಹಬ್ಬಲ್ಲೇ ಇರೋ ಡೈನಮೋ) ತರಿಸಿದೀನಿ, 36 ಕಡ್ಡಿ ಟೇಬಲ್ ಮೇಲೆ ಸಾಲಾಗಿ ಇಟ್ಟಿದೀನಿ, ಈ ಶನಿವಾರ ಕಟ್ಟೋಕೆ ಕೂರ್ತೀನಿ.